ರಬ್ಬರ್ ಮುಚ್ಚಳದಲ್ಲಿ ಬಿಟ್ಟ ಸೂಜಿ

ದಾವಣಗೆರೆಯ ಸಣ್ಣ ಕ್ಲಿನಿಕ್‌ಗಳಲ್ಲಿ ಕೆಲಸ ಮಾಡುವ ಸಿಸ್ಟರ್‌ಗಳು, ಕಾಂಪೌಂಡರ್‌ಗಳು ಮತ್ತು ಕೆಲವು ಡಾಕ್ಟರುಗಳ ಮುಂದೆ ಒಂದು ಭಾನುವಾರ ಮಧ್ಯಾಹ್ನ, ಅಪಾಯ ಆಗದ ಹಾಗೆ ಇಂಜೆಕ್ಷನ್ ಕೊಡುವುದರ ಬಗ್ಗೆ ನಾನು ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಊಟ ಆಗಿದೆ, ಹೊರಗೆ ಬಿಸಿಲಿದೆ, ತಲೆ ಮೇಲೆ ಫ್ಯಾನು ತಿರುಗುತ್ತಿದೆ. ನಿದ್ದೆ ಬಂದರೆ ತಪ್ಪು ನಿಮ್ಮದಲ್ಲ. ಅದಕ್ಕೇ ಮಾತು ಶುರು ಮಾಡುವ ಮೊದಲು ಈ ಮೇಜಿನ ಮೇಲೆ ಮೂರು ಸಾಮಾನು ಇಟ್ಟಿದ್ದೇನೆ. ಹಿಂದೆ ಕೂತವರು ಎದ್ದು ನೋಡಿ, ಪರವಾಗಿಲ್ಲ.

ಮೊದಲನೆಯದು ಲಿಗ್ನೋಕೇನ್, ಅಂದರೆ ಜಾಗ ಮರಗಟ್ಟಿಸುವ ಔಷಧದ ಬಾಟಲಿ, 30 ಎಂಎಲ್‌ದು. ಅದರ ರಬ್ಬರ್ ಮುಚ್ಚಳಕ್ಕೆ ಒಂದು ಸೂಜಿ ಚುಚ್ಚಿ ಹಾಗೇ ಬಿಟ್ಟಿದೆ. ಎರಡನೆಯದು ಸ್ಟೀಲ್ ಡಬ್ಬಿ. ಒಳಗೆ ಸ್ಪಿರಿಟ್‌ನಲ್ಲಿ ನೆನೆಸಿಟ್ಟ ಹತ್ತಿ ಉಂಡೆಗಳು. ಮೂರನೆಯದು ಖಾಲಿ ಉಪ್ಪಿನಕಾಯಿ ಡಬ್ಬಿ, ಅದರ ತುಂಬ ಕ್ಯಾಪ್ ಹಾಕಿದ ಸೂಜಿಗಳು. ಹೆದರಬೇಡಿ, ತೋರಿಸಲಿಕ್ಕೆ ಅಂತ ತಂದಿದ್ದು, ಎಲ್ಲ ಹೊಸ ಸೂಜಿಗಳೇ.

ಈ ಮೂರರಲ್ಲಿ ಒಂದಾದರೂ ನಮ್ಮ ಕ್ಲಿನಿಕ್‌ನಲ್ಲಿ ಇದೆ ಅನ್ನುವವರು ಕೈ ಎತ್ತಿ ಅಂದೆ. ಯಾರೂ ಎತ್ತಲಿಲ್ಲ. ನಾನೇ ಮೊದಲು ಎತ್ತಿದೆ. 34 ವರ್ಷ ನರ್ಸ್ ಕೆಲಸ ಮಾಡಿದ್ದೇನೆ, ಈ ಮೂರನ್ನೂ ನನ್ನ ಕೈಯಾರೆ ಮಾಡಿದ್ದೇನೆ. ಆಗ ಮೂರನೇ ಸಾಲಿನಿಂದ ಒಂದು ಕೈ ಮೇಲೆ ಬಂತು, ಆಮೇಲೆ ಐದಾರು, ಕೊನೆಗೆ ಅರ್ಧ ಹಾಲ್.

ನೋಡಿ, ಒಂದೇ ಸೂಜಿಯನ್ನು ಇಬ್ಬರಿಗೆ ಚುಚ್ಚಬಾರದು ಅಂತ ಶಾಲೆ ಮಕ್ಕಳಿಗೂ ಗೊತ್ತು. ನಮಗೆ ಗೊತ್ತಿಲ್ಲದೆ ಏನೂ ಆಗುತ್ತಿಲ್ಲ. ಸಂಜೆ 7 ಗಂಟೆಗೆ ಬೆಂಚಿನ ಮೇಲೆ 20 ಜನ ಕೂತಿರುತ್ತಾರೆ, ಇನ್ನು 10 ಜನ ಬಾಗಿಲಲ್ಲಿ ನಿಂತಿರುತ್ತಾರೆ. ಆಗ ಕೈಗೆ ಅನುಕೂಲ ಆಗುವ ಹಾಗೆ ಒಂದೊಂದು ದಾರಿ ಹುಡುಕಿಕೊಳ್ಳುತ್ತೇವೆ. ಈ ಮೂರೂ ಅಂಥ ಅನುಕೂಲಗಳೇ. ನಾನು ಇವತ್ತು ಮಾತಾಡುವುದು ಅವುಗಳ ಬಗ್ಗೆ.

ಜಗಳೂರು ಕಡೆಯಿಂದ, ಹೊನ್ನಾಳಿ ಕಡೆಯಿಂದ ಬಸ್ಸು ಹತ್ತಿ ಬಂದವರು ಏನು ಹೇಳುತ್ತಾರೆ? 'ಈ ಡಾಕ್ಟ್ರ ಕೈಗುಣ ಚಲೋ ಐತ್ರಿ, ಒಂದ್ ಸೂಜಿ ಮಾಡಿದ್ರೆ ಸಾಕು.' ಕೈಗುಣದ ಹೆಸರು ಡಾಕ್ಟರಿಗೆ. ಸೂಜಿ ಹಿಡಿದ ಕೈ ಮಾತ್ರ ನಮ್ಮದು, ಅಲ್ವಾ?

ಸೂಜಿ ಬಿಟ್ಟ ಬಾಟಲಿಯನ್ನೇ ಮೊದಲು ತಗೊಳ್ಳೋಣ. ಯಾಕೆ ಬಿಡುತ್ತೇವೆ? ಸಿರಿಂಜಿನ ಸೂಜಿಯನ್ನೇ ರಬ್ಬರ್‌ಗೆ ಚುಚ್ಚಿದರೆ ಮೊನೆ ಮೊಂಡಾಗುತ್ತದೆ, ಪೇಷಂಟ್‌ಗೆ ನೋವಾಗುತ್ತದೆ. ಅಲ್ಲೇ ಒಂದು ಸೂಜಿ ಇದ್ದರೆ ಸಿರಿಂಜ್ ಸಿಕ್ಕಿಸಿ ಎಳೆದುಕೊಂಡರೆ ಆಯ್ತು. ಕೇಳಲಿಕ್ಕೆ ಚೆನ್ನಾಗೇ ಇದೆ. ಆದರೆ ಬಾಟಲಿಯ ಬಾಗಿಲು ಹಗಲೂ ರಾತ್ರಿ ತೆರೆದೇ ಇರುತ್ತದೆ. ನಮ್ಮ ಊರಿನ ಧೂಳು, ಬೆವರಿದ ಬೆರಳು, ಬಾಯಿಂದ ಸಿಡಿದ ಹನಿ, ಎಲ್ಲಕ್ಕೂ ಒಳಗೆ ದಾರಿ.

ಅದಕ್ಕಿಂತ ದೊಡ್ಡ ಅಪಾಯ ಹೊಲಿಗೆ ಹಾಕುವಾಗ. ಗಾಯದ ಸುತ್ತ ಲಿಗ್ನೋಕೇನ್ ಕೊಟ್ಟಾಗಿದೆ. ಪೇಷಂಟ್ 'ಇನ್ನೂ ನೋವೈತ್ರಿ' ಅನ್ನುತ್ತಾರೆ. ಇನ್ನು 2 ಎಂಎಲ್ ಬೇಕು. ಅದೇ ಸಿರಿಂಜಿನ ಸೂಜಿ ಬಿಚ್ಚಿ, ಬಾಟಲಿಯಲ್ಲಿರುವ ಸೂಜಿಗೆ ಸಿಕ್ಕಿಸಿ ಮತ್ತೆ ಎಳೆದುಕೊಳ್ಳುತ್ತೇವೆ. 'ಒಬ್ಬರದೇ ಸಿರಿಂಜ್ ಅಲ್ವಾ, ಅವರಿಗೇ ತಾನೇ ಕೊಡೋದು' ಅಂತ ಸಮಾಧಾನ. ಸಿರಿಂಜ್ ಅವರಿಗೇ ಹೋಯಿತು, ನಿಜ. ಬಾಟಲಿ ಮಾತ್ರ ನಾಳೆ ಬರುವ ಎಲ್ಲರದ್ದು. ಆ ಸಿರಿಂಜಿನ ತುದಿಯಲ್ಲಿದ್ದ ರಕ್ತ ಈಗ ಬಾಟಲಿಯೊಳಗೆ ಇದೆ.

'ಸೂಜಿ ಬದಲಾಯಿಸಿದ್ದೇವಲ್ಲ, ಸಿರಿಂಜಿಗೆ ರಕ್ತ ಎಲ್ಲಿಂದ ಬರುತ್ತೆ?' ಅಂತ ಒಬ್ಬ ಕಾಂಪೌಂಡರ್ ಕೇಳಿದರು. ಒಳ್ಳೆ ಪ್ರಶ್ನೆ. ಮೈಯಿಂದ ಸೂಜಿ ಈಚೆ ತೆಗೆದ ಮೇಲೆ ಅದರ ಕೊಳವೆಯಲ್ಲಿ ಸ್ವಲ್ಪ ದ್ರವ ಉಳಿದಿರುತ್ತದೆ, ಅದರಲ್ಲಿ ರಕ್ತವೂ ಇರುತ್ತದೆ. ಸೂಜಿಯನ್ನು ಸಿರಿಂಜಿನಿಂದ ಎಳೆದು ಬಿಡಿಸುವಾಗ ಹೀರಿದಂತಾಗಿ ಅದು ಸಿರಿಂಜಿನ ಮೂತಿಗೆ ಬರುತ್ತದೆ. ಕಣ್ಣಿಗೆ ಕಾಣುವಷ್ಟು ಇರುವುದೇ ಇಲ್ಲ. ರಕ್ತದಿಂದ ಹರಡಿ ಲಿವರ್ ಕೆಡಿಸುವ ಹೆಪಟೈಟಿಸ್ ಬಿ ವೈರಸ್ಸಿಗೆ ಅಷ್ಟು ಸಾಕು. ಒಣಗಿದ ರಕ್ತದಲ್ಲಿ ಕೂಡ ಅದು 7 ದಿನ ಬದುಕಿರುತ್ತದೆ. ಸೂಜಿ ಬದಲಾಯಿಸಿ ಸಿರಿಂಜ್ ಉಳಿಸುವುದು ಅಂದರೆ ಲೋಟ ತೊಳೆಯದೆ ಬರೀ ತಟ್ಟೆ ಬದಲಾಯಿಸಿ ಚಹಾ ಕೊಟ್ಟ ಹಾಗೆ.

ಇದೆಲ್ಲ ಪುಸ್ತಕದ ಹೆದರಿಕೆ ಅಂದುಕೊಳ್ಳಬೇಡಿ. 2009ರಲ್ಲಿ ಗುಜರಾತಿನ ಮೋಡಾಸಾದಲ್ಲಿ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತರು. ಕಾರಣ ಹುಡುಕುತ್ತಾ ಹೋದರೆ ಸಿಕ್ಕಿದ್ದು ಮತ್ತೆ ಮತ್ತೆ ಬಳಸಿದ ಸಿರಿಂಜ್. 2014ರ ಕೊನೆಗೆ ಕಾಂಬೋಡಿಯಾದ ರೋಕಾ ಅನ್ನುವ ಹಳ್ಳಿಯಲ್ಲಿ 200ಕ್ಕೂ ಹೆಚ್ಚು ಜನರಿಗೆ ಎಚ್‌ಐವಿ ಕಾಣಿಸಿತು. ಅಲ್ಲಿ ಲೈಸೆನ್ಸ್ ಇಲ್ಲದೆ ಚಿಕಿತ್ಸೆ ಕೊಡುತ್ತಿದ್ದವನಿಗೆ 25 ವರ್ಷ ಜೈಲಾಯಿತು. ಊರವರಿಗೆ ಅವನ ಮೇಲೆ ತುಂಬಾ ನಂಬಿಕೆ ಇತ್ತಂತೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಒಳ್ಳೆ ಕೈಗುಣ. 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಾಂಗರ್‌ಮಾವು, 2019ರಲ್ಲಿ ಪಾಕಿಸ್ತಾನದ ರತೋಡೇರೊ, ಅಲ್ಲೂ ಇದೇ ಎಚ್‌ಐವಿ ಕಥೆ. ರತೋಡೇರೊದಲ್ಲಿ ನೂರಾರು ಜನಕ್ಕೆ ಎಚ್‌ಐವಿ, ಅದರಲ್ಲಿ ಹೆಚ್ಚಿನವರು ಸಣ್ಣ ಮಕ್ಕಳು. ಅಪ್ಪ ಅಮ್ಮನಿಗೆ ಇಲ್ಲ, ಮಗುವಿಗೆ ಇದೆ. ಜ್ವರ ಅಂತ ಕರೆದುಕೊಂಡು ಹೋದ ಮಗು ಅದು.

ಅಂಕಿ ಹೇಳಿದರೆ ನಿಮಗೆ ನಿದ್ದೆ ಬರುತ್ತೆ. ಆದರೂ ಒಂದು ಹೇಳುತ್ತೇನೆ, ಯಾಕೆಂದರೆ ಅದು ಒಳ್ಳೆ ಸುದ್ದಿ. 2000ನೇ ಇಸವಿಯಲ್ಲಿ ಸರಿಯಿಲ್ಲದ ಇಂಜೆಕ್ಷನ್‌ನಿಂದ ಜಗತ್ತಿನಲ್ಲಿ 2 ಕೋಟಿ 10 ಲಕ್ಷ ಜನಕ್ಕೆ ಹೆಪಟೈಟಿಸ್ ಬಿ, 2 ಲಕ್ಷ 60 ಸಾವಿರ ಜನಕ್ಕೆ ಎಚ್‌ಐವಿ ಬಂತು ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತ್ತು. 2010ರ ಹೊತ್ತಿಗೆ ಅದು ಹೆಪಟೈಟಿಸ್ ಬಿ 17 ಲಕ್ಷ, ಎಚ್‌ಐವಿ ಹೆಚ್ಚೆಂದರೆ 33,800ಕ್ಕೆ ಇಳಿಯಿತು. ಇದಕ್ಕೆ ದೊಡ್ಡ ದೊಡ್ಡ ಮಷಿನ್ ಬೇಕಾಗಲಿಲ್ಲ. ಒಬ್ಬರಿಗೆ ಒಂದು ಸಿರಿಂಜ್ ಅನ್ನುವ ರೂಢಿ ಬಂದದ್ದೇ ದೊಡ್ಡ ಕಾರಣ. ನಮ್ಮ ದೇಶದಲ್ಲೂ 2000ದ ದಶಕದ ಮೊದಲ ಭಾಗದಲ್ಲಿ ಊರೂರು ಸುತ್ತಿ ನೋಡಿದಾಗ 100 ಇಂಜೆಕ್ಷನ್‌ನಲ್ಲಿ 60ಕ್ಕೂ ಹೆಚ್ಚು ಸರಿಯಿರಲಿಲ್ಲ. ಅವತ್ತಿನಿಂದ ನಾವು ಬಹಳ ದೂರ ಬಂದಿದ್ದೇವೆ.

ನಾನು ಟ್ರೈನಿಂಗ್‌ಗೆ ಸೇರಿದಾಗ ಗಾಜಿನ ಸಿರಿಂಜ್. ಬೆಳಿಗ್ಗೆ ಬಂದ ತಕ್ಷಣ ಸ್ಟೆರಿಲೈಸರ್‌ನಲ್ಲಿ ನೀರು ಕುದಿಯಲು ಇಡುವುದೇ ಮೊದಲ ಕೆಲಸ. ಸೂಜಿಯ ತೂತು ಕಟ್ಟಿಕೊಂಡರೆ ಸಣ್ಣ ತಂತಿ ತೂರಿಸಿ ತೆಗೆಯುತ್ತಿದ್ದೆವು. ಮೊಂಡಾದರೆ ಕಲ್ಲಿಗೆ ಮಸೆಯುತ್ತಿದ್ದೆವು, ಸುಳ್ಳಲ್ಲ! ಮಧ್ಯಾಹ್ನ ರಷ್ ಆದಾಗ ಪೂರ್ತಿ ಹೊತ್ತು ಕುದಿಯುವವರೆಗೆ ಯಾರು ಕಾಯುತ್ತಾರೆ? ನೀರು ಗುಳುಗುಳು ಅಂದರೆ ಸಾಕು, ಚಿಮುಟದಲ್ಲಿ ಎತ್ತಿಕೊಳ್ಳುವುದು. ಆಗ ನಾವು ಯಾರಿಗೆ ಏನು ಕೊಟ್ಟೆವೋ ಅಂತ ಈಗಲೂ ಕೆಲವು ರಾತ್ರಿ ಯೋಚನೆ ಬರುತ್ತದೆ. ನಿಮಗೆ ಆ ಯೋಚನೆ ಬೇಡ. ಕವರ್ ಹರಿದರೆ ಹೊಸದು ಸಿಗುವ ಕಾಲದಲ್ಲಿ ನೀವಿದ್ದೀರಿ.

ಕವರ್ ಅಂದೆ. ಅದನ್ನು ಪೇಷಂಟ್ ಎದುರಿಗೇ ಹರಿಯಿರಿ. ಒಳಗೆ ಹೋಗಿ ತುಂಬಿಕೊಂಡು ಬರಬೇಡಿ. ಬೆಳಿಗ್ಗೆಯೇ ಹತ್ತು ಸಿರಿಂಜ್ ತುಂಬಿ ಟ್ರೇಯಲ್ಲಿ ಸಾಲಾಗಿ ಇಡುವವರೂ ಇದ್ದಾರೆ. ಯಾವುದು ನೋವಿನ ಡೈಕ್ಲೋಫೆನಾಕ್, ಯಾವುದು ಅಸಿಡಿಟಿಯ ರಾನಿಟಿಡಿನ್ ಅಂತ ಮಧ್ಯಾಹ್ನದ ಹೊತ್ತಿಗೆ ದೇವರಿಗೂ ಗೊತ್ತಾಗಲ್ಲ.

ಇನ್ನೊಂದು ಅಭ್ಯಾಸ. ಪುಡಿ ಇಂಜೆಕ್ಷನ್ ಕಲಸಲಿಕ್ಕೆ ಒಂದು ಸಲೈನ್ ಬಾಟ್ಲಿ ನೇತುಹಾಕಿ, ಅದಕ್ಕೆ ಸೂಜಿ ಚುಚ್ಚಿ, ದಿನವಿಡೀ ಎಲ್ಲರಿಗೂ ಅದರಿಂದಲೇ ಎಳೆದುಕೊಳ್ಳುವುದು. ಸಲೈನ್‌ನಲ್ಲಿ ಕ್ರಿಮಿ ಬೆಳೆಯದಂತೆ ತಡೆಯುವ ಔಷಧ ಇರುವುದಿಲ್ಲ. ಮಧ್ಯಾಹ್ನದ ಸೆಕೆಯಲ್ಲಿ ಅದು ಕ್ರಿಮಿಗಳಿಗೆ ಒಳ್ಳೆ ಮನೆ. ಚಿಕ್ಕ ಡಿಸ್ಟಿಲ್ಡ್ ವಾಟರ್ ಆಂಪೂಲ್ ಇದೆಯಲ್ಲ, ಒಬ್ಬರಿಗೆ ಒಂದು ಒಡೆಯಿರಿ, ಉಳಿದದ್ದು ಚೆಲ್ಲಿ. ಹಲವು ಡೋಸ್ ಇರುವ ಬಾಟಲಿ ಆದರೆ ತೆರೆದ ದಿನದ ತಾರೀಕು ಪೆನ್ನಿನಲ್ಲಿ ಬರೆಯಿರಿ. ಕಂಪನಿ ಬೇರೆ ಏನಾದರೂ ಬರೆಯದಿದ್ದರೆ 28 ದಿನ, ಆಮೇಲೆ ಅರ್ಧ ಉಳಿದಿದ್ದರೂ ಬಿಸಾಕಿ. ಪ್ರತಿ ಸಲ ರಬ್ಬರ್ ಒರೆಸಿ, ಹೊಸ ಸೂಜಿ, ಹೊಸ ಸಿರಿಂಜ್.

ಹತ್ತಿ ಡಬ್ಬಿಯ ವಿಷಯ ಬೇಗ ಮುಗಿಸುತ್ತೇನೆ. ಹತ್ತಿಯನ್ನು ಮೊದಲೇ ನೆನೆಸಿಡಬಾರದು. ಮುಚ್ಚಳ ತೆಗೆದೂ ತೆಗೆದೂ ಸ್ಪಿರಿಟ್ ಆರಿ ಹೋಗುತ್ತದೆ, ಉಳಿಯುವುದು ಒದ್ದೆ ಹತ್ತಿ ಮತ್ತು ನಮ್ಮೆಲ್ಲರ ಬೆರಳಿನ ಕೊಳೆ. ಒಣ ಹತ್ತಿ ಇಟ್ಟುಕೊಳ್ಳಿ, ಬೇಕಾದಾಗ ಸ್ಪಿರಿಟ್ ಹಾಕಿ. ಒರೆಸಿದ ಮೇಲೆ ಅರ್ಧ ನಿಮಿಷ ಆರಲು ಬಿಡಿ. ಕ್ರಿಮಿ ಸಾಯುವುದು ಆರುವಾಗಲೇ. ಒದ್ದೆ ಇರುವಾಗಲೇ ಚುಚ್ಚಿದರೆ ಉರಿಯುತ್ತದೆ, ಮಗು ಅಳುವುದು ಅರ್ಧ ಅದಕ್ಕೇ. ಕೈ ತೊಳೆಯುವುದನ್ನು ನಾನು ಹೇಳಬೇಕಾಗಿಲ್ಲ. ಗ್ಲೌಸ್ ಹಾಕಿದ್ದೇನೆ, ತೊಳೆಯೋದು ಬೇಡ ಅನ್ನುವವರಿಗೆ ಮಾತ್ರ ಒಂದು ಮಾತು: ಒಂದೇ ಗ್ಲೌಸ್‌ನಲ್ಲಿ ಎಂಟು ಜನರನ್ನು ಮುಟ್ಟುವುದಕ್ಕಿಂತ ತೊಳೆದ ಬರಿಗೈ ಎಷ್ಟೋ ವಾಸಿ.

ಈಗ ಎಲ್ಲಿ ಚುಚ್ಚಬೇಕು ಅನ್ನುವುದು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ನಾನು ಕೆಲಸದಲ್ಲಿದ್ದಾಗ ಒಬ್ಬ ತಾಯಿ ಆರು ವರ್ಷದ ಹುಡುಗನನ್ನು ಕರೆದುಕೊಂಡು ಬಂದಿದ್ದಳು. ಹಿಂದಿನ ವಾರ ಎಲ್ಲೋ ಜ್ವರಕ್ಕೆ ಸೂಜಿ ಮಾಡಿಸಿದ್ದಾಳೆ. ಹುಡುಗ ನಡೆಯುವಾಗ ಪಾದ ನೆಲಕ್ಕೆ ಎಳೆಯುತ್ತಾನೆ, ಚಪ್ಪಲಿ ನಿಲ್ಲುವುದಿಲ್ಲ. 'ಸೂಜಿ ಮಾಡ್ವಾಗ ಕಾಲ್ತನಕ ಕರೆಂಟ್ ಹೊಡ್ದಂಗಾತು ಅಂತ ಕೂಗಿದ ಅಕ್ಕಾರೆ, ನಾನೇ ಸುಮ್ನಿರು ಅಂದೆ' ಅಂತ ಅತ್ತಳು. ಸಯಾಟಿಕ್ ನರ. ಸೊಂಟದಿಂದ ಕುಂಡಿಯ ನಡುವೆ ಹಾದು ಕಾಲಿಗೆ ಇಳಿಯುವ, ನಮ್ಮ ಹೆಬ್ಬೆರಳಷ್ಟು ದಪ್ಪದ ನರ. ಸೂಜಿ ಅದಕ್ಕೆ ತಾಗಿದರೆ, ಇಲ್ಲವೇ ಔಷಧ ಅದರ ಪಕ್ಕ ಬಿದ್ದರೆ ಪಾದ ಮೇಲೆತ್ತಲು ಆಗದೆ ಜೋತು ಬೀಳುತ್ತದೆ. ಕೆಲವರಿಗೆ ತಿಂಗಳುಗಟ್ಟಲೆ ಆದ ಮೇಲೆ ಸರಿಯಾಗುತ್ತದೆ, ಕೆಲವರಿಗೆ ಆಗುವುದೇ ಇಲ್ಲ.

ಕುಂಡಿಗೆ ಕೊಡಲೇಬೇಕಾದರೆ ಮನಸ್ಸಿನಲ್ಲೇ ಅದನ್ನು ನಾಲ್ಕು ಭಾಗ ಮಾಡಿ, ಮೇಲಿನ ಹೊರಗಿನ ಭಾಗಕ್ಕೆ ಕೊಡಿ. ಅದಕ್ಕೆ ಆ ಜಾಗ ಪೂರ್ತಿ ಕಾಣಬೇಕು. ನಮ್ಮಲ್ಲಿ ಏನು ಮಾಡುತ್ತೇವೆ? ಹೆಣ್ಣುಮಕ್ಕಳು ನಾಚಿಕೊಂಡು ಸೀರೆಯನ್ನು ಎರಡು ಬೆರಳು ಸರಿಸುತ್ತಾರೆ, ನಿಂತೇ ಇರುತ್ತಾರೆ, ನಾವೂ ಅಂದಾಜಿನ ಮೇಲೆ ಚುಚ್ಚುತ್ತೇವೆ. ಪರದೆ ಎಳೆಯಿರಿ, ಮಲಗಿಸಿ. ಒಂದು ಪರದೆ ಹಾಕಿಸಿ ಅಂತ ಡಾಕ್ಟರಿಗೆ ಹೇಳಿ. ಪರದೆ ಅನ್ನುವುದು ಮರ್ಯಾದೆಗೆ ಅಷ್ಟೇ ಅಲ್ಲ, ನರ ಉಳಿಸಲಿಕ್ಕೂ ಬೇಕು. ಎಳೆ ಮಗುವಿಗಂತೂ ಕುಂಡಿಗೆ ಕೊಡಲೇಬೇಡಿ. ತೊಡೆಯ ನಡುಭಾಗ, ಮುಂದಿನ ಹೊರಮಗ್ಗುಲು. ಲಸಿಕೆಯನ್ನು ಅಲ್ಲಿಗೇ ಕೊಡುವುದನ್ನು ಆಶಾ ಕಾರ್ಯಕರ್ತೆಯರ ಜೊತೆ ಬರುವ ಎಲ್ಲ ತಾಯಂದಿರೂ ನೋಡಿದ್ದಾರೆ. ದೊಡ್ಡವರಿಗೆ ಭುಜ. ಭುಜದ ಮೂಳೆಯ ತುದಿಯಿಂದ ಎರಡು ಮೂರು ಬೆರಳು ಕೆಳಗೆ. ತೀರ ಮೇಲೆ ಚುಚ್ಚಿದರೆ ಕೀಲಿಗೆ ಹೋಗಿ ತಿಂಗಳುಗಟ್ಟಲೆ ಕೈ ಎತ್ತಲು ಆಗುವುದಿಲ್ಲ. ಭುಜಕ್ಕೆ ಜಾಸ್ತಿ ಔಷಧವೂ ಹಿಡಿಸುವುದಿಲ್ಲ, 1 ಎಂಎಲ್ ಆಸುಪಾಸು.

'ಸೂಜಿ ಮಾಡಿಸಿದ ಮೇಲೆ ಕಾಲು ಹೋಯಿತು' ಅನ್ನುವ ಕಥೆ ಹಳೆಯವರ ಬಾಯಲ್ಲಿ ಕೇಳಿರುತ್ತೀರಿ. ಅದರಲ್ಲಿ ಕೆಲವು ಈ ನರದ ಕಥೆ. ಇನ್ನು ಕೆಲವು ಪೋಲಿಯೊ. ಪೋಲಿಯೊ ವೈರಸ್ ಮೈಯಲ್ಲಿರುವಾಗ, ಬರೀ ಜ್ವರ ಅಂದುಕೊಂಡು ಸ್ನಾಯುವಿಗೆ ಇಂಜೆಕ್ಷನ್ ಕೊಟ್ಟರೆ ಅದೇ ಕಾಲಿಗೆ ಪಾರ್ಶ್ವವಾಯು ಬರುವ ಸಂಭವ ಹೆಚ್ಚಾಗುತ್ತಿತ್ತು. ಜ್ವರಕ್ಕೆ ಸುಮ್ಮನೆ ಇದ್ದಿದ್ದರೆ ಎಷ್ಟೋ ಮಕ್ಕಳು ನಡೆಯುತ್ತಿದ್ದರು. ನಮ್ಮ ದೇಶದಲ್ಲಿ ವೈಲ್ಡ್ ಪೋಲಿಯೊ, ಅಂದರೆ ಲಸಿಕೆಯಿಂದಲ್ಲದೆ ತಾನಾಗಿ ಹರಡುವ ಪೋಲಿಯೊದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. ಆ ಭಯ ಈಗಿಲ್ಲ. ಆದರೆ ಜ್ವರ ಅಂದ ತಕ್ಷಣ ಸೂಜಿ ಅನ್ನುವ ಚಟ ಹೋಗಿಲ್ಲ.

ಇನ್ಸುಲಿನ್ ಬಗ್ಗೆ ಇಬ್ಬರು ಚೀಟಿ ಕಳಿಸಿದ್ದಾರೆ. ಸಂತೋಷ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿ ಯು-40, ಅಂದರೆ 1 ಎಂಎಲ್‌ಗೆ 40 ಯೂನಿಟ್. ಅದರ ಸಿರಿಂಜಿಗೆ ಕೆಂಪು ಕ್ಯಾಪ್. ಇನ್ಸುಲಿನ್ ಪೆನ್ನಿನಲ್ಲಿ ಸಾಮಾನ್ಯವಾಗಿ ಇರುವುದು ಯು-100, ಆ ಲೆಕ್ಕದ ಸಿರಿಂಜಿಗೆ ಕಿತ್ತಳೆ ಬಣ್ಣದ ಕ್ಯಾಪ್. ಪೆನ್ನು ಕೆಟ್ಟಿತು ಅಂತ ಅದರ ಕಾರ್ಟ್ರಿಜ್‌ನಿಂದ ಕೆಂಪು ಕ್ಯಾಪಿನ ಸಿರಿಂಜಿಗೆ 20ರ ಗೆರೆವರೆಗೆ ಎಳೆದರೆ ಅದು 20 ಅಲ್ಲ, 50 ಯೂನಿಟ್! ಪೇಷಂಟ್ ಮನೆಗೆ ಹೋಗಿ ಮಲಗಿದರೆ ಬೆಳಿಗ್ಗೆ ಏಳುತ್ತಾರೋ ಇಲ್ಲವೋ. ಉಲ್ಟಾ ಮಾಡಿದರೆ 20ರ ಬದಲು 8 ಯೂನಿಟ್ ಹೋಗುತ್ತದೆ, ಶುಗರ್ ಇಳಿಯಲಿಲ್ಲ ಅಂತ ಡೋಸ್ ಏರಿಸುತ್ತಾ ಹೋಗುತ್ತೇವೆ. ಬಾಟಲಿ ಮೇಲಿನ ಅಂಕಿ, ಕ್ಯಾಪಿನ ಬಣ್ಣ, ಎರಡನ್ನೂ ಬಾಯಿಬಿಟ್ಟು ಹೇಳಿ ನೋಡಿಕೊಳ್ಳಿ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಶುಗರ್ ಇದ್ದು ಒಂದೇ ಪೆನ್ನು ಹಂಚಿಕೊಳ್ಳುವವರೂ ಇದ್ದಾರೆ. ಸೂಜಿ ಬೇರೆ ಹಾಕಿದರೂ ಅದು ಬೇಡ ಅಂತ ತಿಳಿಸಿ ಹೇಳಿ.

ಈಗ ನನಗೆ ಬಹಳ ಮುಖ್ಯ ಅನ್ನಿಸುವ ವಿಷಯ. ಮುಂದಿನ ಸಾಲಿನ ಡಾಕ್ಟರುಗಳೂ ಕೇಳಿಸಿಕೊಳ್ಳಬೇಕು.

ಇಂಜೆಕ್ಷನ್ ಕೊಟ್ಟ ಮೇಲೆ ಪೇಷಂಟ್ ಕುಸಿಯುವುದು ಎರಡು ರೀತಿ. ಒಂದು ಹೆದರಿ ತಲೆಸುತ್ತು ಬಂದು ಬೀಳುವುದು. ಮುಖ ಬಿಳಿಚುತ್ತದೆ, ಬೆವರುತ್ತದೆ, ನಾಡಿ ನಿಧಾನ. ಮಲಗಿಸಿದರೆ ಒಂದೆರಡು ನಿಮಿಷದಲ್ಲಿ ಕಣ್ಣು ಬಿಟ್ಟು 'ಏನಾತ್ರಿ?' ಅನ್ನುತ್ತಾರೆ. ಇನ್ನೊಂದು ಔಷಧ ಒಗ್ಗದೆ ಆಗುವ ಅನಾಫಿಲಾಕ್ಸಿಸ್. ಮೈಯೆಲ್ಲ ತುರಿಕೆ, ದದ್ದು, ತುಟಿ ನಾಲಿಗೆ ಊದುವುದು, ಗಂಟಲು ಕಟ್ಟಿದಂತಾಗುವುದು, ಉಬ್ಬಸ, ವಾಂತಿ, ನಾಡಿ ಜೋರಾಗಿ ಓಡುತ್ತಾ ತೆಳ್ಳಗಾಗುವುದು. ಇಷ್ಟೂ ಒಟ್ಟಿಗೆ ಬರಬೇಕು ಅಂತೇನಿಲ್ಲ. ದದ್ದು ಇಲ್ಲದೆ ನೇರ ಬಿಪಿ ಬೀಳುವುದೂ ಉಂಟು.

ಆಗ ನಮ್ಮ ಕೈ ಎಲ್ಲಿಗೆ ಹೋಗುತ್ತೆ ಹೇಳಿ? ಅಲರ್ಜಿಗೆ ಕೊಡುವ ಏವಿಲ್, ಎಫ್‌ಕಾರ್ಲಿನ್. ಹಾಲ್‌ನಲ್ಲಿ ಎಲ್ಲರೂ ಅದನ್ನೇ ಅಂದಿರಿ. ಅವು ಆಮೇಲೆ. ಮೊದಲು ಅಡ್ರಿನಲಿನ್. ದೊಡ್ಡವರಿಗೆ 1 ಎಂಎಲ್ ಆಂಪೂಲ್‌ನಲ್ಲಿ ಅರ್ಧ, ಅಂದರೆ 0.5 ಎಂಎಲ್, ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ. ಮಕ್ಕಳಿಗೆ ಕೆಜಿಗೆ 0.01 ಎಂಎಲ್ ಲೆಕ್ಕ, 10 ಕೆಜಿ ಮಗುವಿಗೆ 0.1 ಎಂಎಲ್. ಚೇತರಿಸದಿದ್ದರೆ 5 ನಿಮಿಷಕ್ಕೆ ಮತ್ತೆ ಕೊಡಬಹುದು. ಕಾಲು ಎತ್ತರಕ್ಕಿಟ್ಟು ಮಲಗಿಸಿ. ಉಬ್ಬಸ ಇದ್ದರೆ ಕೂತಿರಲಿ, ಆದರೆ ಎದ್ದು ನಿಲ್ಲಿಸಬೇಡಿ, ನಡೆಸಬೇಡಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಅಡ್ರಿನಲಿನ್ ಆಂಪೂಲ್‌ಗಳನ್ನು ಬೀರುವಿನಲ್ಲಿ ಬೀಗ ಹಾಕಿ ಇಟ್ಟರೆ ಇಲ್ಲದ ಹಾಗೇ. ಇಂಜೆಕ್ಷನ್ ಕೊಡುವ ಮೇಜಿನ ಮೇಲೇ ಇರಬೇಕು, 1 ಎಂಎಲ್ ಸಿರಿಂಜ್ ಜೊತೆಗೆ, ಡೋಸ್ ದೊಡ್ಡದಾಗಿ ಬರೆದ ಚೀಟಿಯ ಜೊತೆಗೆ. ತಿಂಗಳಿಗೊಮ್ಮೆ ತಾರೀಕು ನೋಡಿ.

ಒಮ್ಮೆ ನನ್ನ ಕಣ್ಣೆದುರೇ ಆಗಿದೆ. ಎಲ್ಲಿ ಅಂತ ಹೇಳುವುದಿಲ್ಲ. ಕೆಮ್ಮಿಗೆ ಆಂಟಿಬಯೋಟಿಕ್ ಇಂಜೆಕ್ಷನ್. ಕೊಟ್ಟು ಹತ್ತಿ ಒತ್ತಿ ಕಳಿಸಿದ್ದೆ. ಆ ಹೆಂಗಸು ಚಪ್ಪಲಿ ಹಾಕಿಕೊಳ್ಳುತ್ತಾ ಬಾಗಿಲ ಹತ್ತಿರವೇ ಕೂತುಬಿಟ್ಟಳು. ಡಾಕ್ಟರ್ ಓಡಿ ಬಂದು ಅಡ್ರಿನಲಿನ್ ಕೇಳಿದರು. ಆಂಪೂಲ್ ಸಿಕ್ಕಿತು, ತಾರೀಕು ಮುಗಿದು ಒಂದು ವರ್ಷ ಆಗಿತ್ತು. ಪಕ್ಕದ ಮೆಡಿಕಲ್ ಶಾಪಿಗೆ ಹುಡುಗ ಓಡಿದ. ಆ ನಾಲ್ಕು ನಿಮಿಷ ನನಗೆ ನಾಲ್ಕು ವರ್ಷ. ಬದುಕಿದಳು, ದೇವರು ದೊಡ್ಡವನು. ಮರುದಿನ ಅವಳ ಗಂಡ ಹೇಳಿದ, 'ಹೋದ್ ವರ್ಷನೂ ಸೂಜಿ ಮಾಡಿಸ್ದಾಗ ಮೈಯೆಲ್ಲ ಗಾದ್ರಿ ಎದ್ದಿತ್ರಿ, ನೀವ್ ಕೇಳ್ಲಿಲ್ಲ.' ನಿಜ, ನಾನು ಕೇಳಿರಲಿಲ್ಲ.

ಆದ್ದರಿಂದ ಕೇಳಿ. 'ಅಲರ್ಜಿ ಇದೆಯಾ?' ಅಂದರೆ ಹಳ್ಳಿಯವರಿಗೆ ಅರ್ಥವಾಗದೆ 'ಇಲ್ರಿ' ಅಂದುಬಿಡುತ್ತಾರೆ. 'ಹಿಂದೆ ಯಾವತ್ತಾದರೂ ಸೂಜಿ ಮಾಡಿಸಿದಾಗ, ಗುಳಿಗೆ ತಗೊಂಡಾಗ ಮೈ ತುರಿಸಿತ್ತಾ, ಗಾದ್ರಿ ಎದ್ದಿತ್ತಾ, ಉಸಿರು ಕಟ್ಟಿತ್ತಾ?' ಅಂತ ಕೇಳಿ. ಹೆಸರನ್ನೂ ಅವರ ಬಾಯಿಂದಲೇ ಹೇಳಿಸಿ. 'ನೀವು ಬಸಮ್ಮ ಅಲ್ವಾ?' ಅಂದರೆ ಯಾರು ಬೇಕಾದರೂ ಹೂಂ ಅನ್ನುತ್ತಾರೆ. ನಮ್ಮ ಕಡೆ ಒಂದು ಬೆಂಚಿಗೆ ಇಬ್ಬರು ಬಸಮ್ಮ ಇದ್ದೇ ಇರುತ್ತಾರೆ. ಕೊಟ್ಟ ಮೇಲೆ ಅರ್ಧ ಗಂಟೆ ಕೂರಿಸಿ. ಬಸ್ಸಿಗೆ ಹೊತ್ತಾಯ್ತು ಅಂತಾರೆ. ಮುಂದಿನ ಬಸ್ಸು ಬರುತ್ತೆ ಅನ್ನಿ.

ಉಪ್ಪಿನಕಾಯಿ ಡಬ್ಬಿ ಉಳಿಯಿತು. ಬಳಸಿದ ಸೂಜಿಗೆ ಕ್ಯಾಪ್ ಹಾಕಬೇಡಿ. ನಾವು ಹಾಕುವುದು ಒಳ್ಳೆಯ ಮನಸ್ಸಿನಿಂದಲೇ, ಯಾರಿಗೂ ಚುಚ್ಚದಿರಲಿ ಅಂತ. ಚುಚ್ಚುವುದು ನಮಗೇ. 1996ರಲ್ಲಿ ನನ್ನ ಎಡಗೈ ತೋರುಬೆರಳಿಗೆ ಹೀಗೆ ಚುಚ್ಚಿತು. ಪೇಷಂಟ್ ಕಣ್ಣು ಹಳದಿ ಇದ್ದವರು. ನಾನು ಬೆರಳು ಬಾಯಿಗಿಟ್ಟು ಚೀಪಿದೆ! ನರ್ಸ್ ಆಗಿ ಹತ್ತು ವರ್ಷ ಹತ್ತಿರ ಆಗಿತ್ತು, ಆದರೂ ಚೀಪಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆರು ತಿಂಗಳು ಮಗಳ ತಟ್ಟೆ ಬೇರೆ, ನನ್ನ ತಟ್ಟೆ ಬೇರೆ ಮಾಡಿಕೊಂಡಿದ್ದೆ. ಊಟದ ತಟ್ಟೆಯಿಂದ ಅದು ಹರಡುವುದಿಲ್ಲ ಅಂತ ಗೊತ್ತಿದ್ದರೂ. ಏನೂ ಆಗಲಿಲ್ಲ, ಅದೃಷ್ಟ.

ಚುಚ್ಚಿದರೆ ಚೀಪಬೇಡಿ, ಹಿಂಡಬೇಡಿ, ಸ್ಪಿರಿಟ್ ಸುರಿಯಬೇಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ. ಮುಚ್ಚಿಡಬೇಡಿ. ಸೋಂಕಿದ್ದವರ ಸೂಜಿ ಆಗಿದ್ದರೆ ಎಚ್‌ಐವಿ ತಗಲುವ ಸಂಭವ 1,000ಕ್ಕೆ 3, ಹೆಪಟೈಟಿಸ್ ಸಿ 100ಕ್ಕೆ ಹೆಚ್ಚೆಂದರೆ ಸುಮಾರು 2. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಮಾತ್ರ 100ಕ್ಕೆ 30ರವರೆಗೆ ಹೋಗಬಹುದು. ಎಚ್‌ಐವಿ ತಡೆಯುವ ಗುಳಿಗೆ ಇದೆ. 2 ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಉಪಯೋಗ ಇಲ್ಲ, 28 ದಿನ ತಗೊಳ್ಳಬೇಕು. ಇಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆಗೆ ನೇರ ಹೋಗಿ ಕೇಳಿ. ದಾರಿ ತಿಳಿಯದಿದ್ದರೆ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ. ಹೆಪಟೈಟಿಸ್ ಬಿ ಲಸಿಕೆ ಇವತ್ತು ಒಂದು, ತಿಂಗಳಿಗೆ ಒಂದು, ಆರನೇ ತಿಂಗಳಿಗೆ ಒಂದು. ಭುಜಕ್ಕೇ ಹಾಕಿಸಿಕೊಳ್ಳಿ, ಕುಂಡಿಗೆ ಹಾಕಿದರೆ ಸರಿಯಾಗಿ ಹಿಡಿಯುವುದಿಲ್ಲ. ಇಲ್ಲಿ ಮೂರೂ ಡೋಸ್ ಆದವರು ಕೈ ಎತ್ತಿ ಅಂದಾಗ ಎದ್ದ ಕೈಗಳನ್ನು ನೋಡಿ ನನಗೆ ಬೇಜಾರಾಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಕಸದ ನಿಯಮ 2016ರಿಂದ ಒಂದೇ ಥರ ಇದೆ. ಸೂಜಿ ಹಾಕುವುದು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಸೂಜಿ ಕತ್ತರಿಸಿದ ಸಿರಿಂಜ್ ಕೆಂಪು ಚೀಲಕ್ಕೆ, ಗಾಜು ನೀಲಿಗೆ, ರಕ್ತದ ಹತ್ತಿ ಹಳದಿಗೆ. ಹಾಸಿಗೆ ಇಲ್ಲದ ಕ್ಲಿನಿಕ್ ಆದರೂ ಇದನ್ನು ಬಿಡುವ ಹಾಗಿಲ್ಲ. ಆಸ್ಪತ್ರೆ ಕಸದ ಗಾಡಿಗೆ ಬದಲು ಮುನಿಸಿಪಾಲಿಟಿ ಗಾಡಿಗೆ ಸೂಜಿ ಹಾಕಿದರೆ, ಅದನ್ನು ಕೈಯಲ್ಲಿ ಬೇರೆ ಮಾಡುವ ಪೌರಕಾರ್ಮಿಕ ಹೆಂಗಸಿಗೆ ಯಾರ ಸೂಜಿ ಚುಚ್ಚಿತು ಅಂತ ಯಾವತ್ತೂ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಹೇಳಿ ಮುಗಿಸುವಾಗ ಹಿರಿಯ ಡಾಕ್ಟರೊಬ್ಬರು ಎದ್ದು, 'ಸಿಸ್ಟರ್, ಅರ್ಧ ಇಂಜೆಕ್ಷನ್ ಬೇಕಾಗೇ ಇರಲ್ಲ, ಅದನ್ನ ಹೇಳಿ' ಅಂದರು. ಅವರೇ ಹೇಳಿದ್ದು ಒಳ್ಳೆಯದಾಯಿತು, ನಾನು ಹೇಳಿದರೆ ಅಧಿಕಪ್ರಸಂಗ ಆಗುತ್ತಿತ್ತು. ಮಂಡಕ್ಕಿ ಭಟ್ಟಿಯಲ್ಲಿ ದಿನವಿಡೀ ಬೆಂಕಿ ಮುಂದೆ ಕೂತವರು ಸಂಜೆ ಬರುತ್ತಾರೆ. ಮೈಕೈ ನೋವು, ಬರೀ ಗುಳಿಗೆ ಕೊಟ್ಟರೆ ಒಪ್ಪುವುದಿಲ್ಲ. 'ನಾಳೆ ಕೂಲಿ ತಪ್ತತಿ, ಒಂದ್ ಸೂಜಿ ಮಾಡ್ರಿ.' ಬೆವರು ಸುರಿದು ನೀರಿಲ್ಲದೆ ಒಣಗಿದ ಮೈಗೆ ಡೈಕ್ಲೋಫೆನಾಕ್ ಕೊಟ್ಟರೆ ಕಿಡ್ನಿಗೆ ಪೆಟ್ಟು. ಅವರಿಗೆ ಮೊದಲು ಬೇಕಾದದ್ದು ಎರಡು ಚೊಂಬು ನೀರು, ಉಪ್ಪು ಹಾಕಿದ ಮಜ್ಜಿಗೆ. ಶೀತಕ್ಕೆ, ವೈರಲ್ ಜ್ವರಕ್ಕೆ ಸೂಜಿ ಬೇಡ. ಆದರೆ ನಾವು ಕೊಡದಿದ್ದರೆ ಪಕ್ಕದ ಬೀದಿಯವರು ಕೊಡುತ್ತಾರೆ ಅನ್ನುವ ಮಾತೂ ಸುಳ್ಳಲ್ಲ. ನಾನು ಒಂದು ಕಂಡುಕೊಂಡಿದ್ದೇನೆ. ಕೈ ಹಿಡಿದು ನಾಡಿ ನೋಡಿ, ಬಿಪಿ ನೋಡಿ, ಎರಡು ನಿಮಿಷ ಮಾತಾಡಿಸಿದರೆ ಸೂಜಿ ಕೇಳುವವರು ಕಡಿಮೆಯಾಗುತ್ತಾರೆ. ಅವರಿಗೆ ಬೇಕಾಗಿದ್ದು ಯಾರಾದರೂ ಮುಟ್ಟಿ ನೋಡಬೇಕು ಅನ್ನುವುದು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಹುಡುಗಿಯದು. ಇಪ್ಪತ್ತೋ ಇಪ್ಪತ್ತೊಂದೋ ಇರಬೇಕು. 'ಮೇಡಂ, ಡಾಕ್ಟ್ರೇ ಸಿರಿಂಜ್ ಉಳ್ಸು ಅಂದ್ರೆ ನಾನೇನ್ ಮಾಡ್ಲಿ?'

ವಾದ ಮಾಡಬೇಡ ತಂಗಿ, ಲೆಕ್ಕ ಮಾಡು ಅಂದೆ. ಸಂಜೆ ಬಾಗಿಲು ಹಾಕುವಾಗ ಪುಸ್ತಕದಲ್ಲಿ ಇವತ್ತಿನ ಇಂಜೆಕ್ಷನ್ ಎಷ್ಟು, ಹರಿದ ಸಿರಿಂಜ್ ಕವರ್ ಎಷ್ಟು ಅಂತ ಎಣಿಸು. 'ಸರ್, 40 ಇಂಜೆಕ್ಷನ್, 30 ಕವರ್. ನಾಳೆಗೆ ಬಾಕ್ಸ್ ತರಿಸ್ಲಾ?' ಅಂತ ಕೇಳು.

'ಅದಕ್ಕೇ ಕೆಲ್ಸ ಬಿಡಿಸಿದ್ರೆ?' ಅಂದಳು.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಹಿರಿಯ ಡಾಕ್ಟರು ತಿರುಗಿ, ದಿನಕ್ಕೆ ಎಷ್ಟು ಸಿರಿಂಜ್ ಉಳಿಸುತ್ತೀರಿ ಅಂತ ಅವಳನ್ನು ಕೇಳಿದರು. ಹತ್ತು ಅಂದಳು. 'ಹತ್ತು ಸಿರಿಂಜ್ ಅಂದ್ರೆ ಒಂದು ಬೆಣ್ಣೆದೋಸೆ ದುಡ್ಡು ಕಣಮ್ಮಾ' ಅಂದರು.

'ಸರ್, ಇದನ್ನ ನಮ್ ಸರ್‌ಗೆ ನೀವೇ ಹೇಳ್ರಿ' ಅಂದಳು ಅವಳು.